ಮರದ ಉಂಗುರಗಳಲ್ಲಿ ಮಳೆಯ ಲೆಕ್ಕ

ಧಾತು, ಈಶ್ವರ ಸಂವತ್ಸರಗಳ ಬರದ ಮಾತನ್ನು ನಾವೆಲ್ಲರೂ ಹಿರಿಯರಿಂದ ಕೇಳಿದ್ದೇವೆ. ೧೮೭೬ರಿಂದ ೧೮೭೮ರವರೆಗಿನ ಆ ಕ್ಷಾಮವು ಮೈಸೂರು, ಬಳ್ಳಾರಿ, ಸೊಲ್ಲಾಪುರ ಸೀಮೆಗಳನ್ನು ಏಕಪ್ರಕಾರವಾಗಿ ಬಾಧಿಸಿತು. ಅದಕ್ಕೂ ಹಿಂದಿನ ಬರಗಳನ್ನು ತಿಳಿಯುವ ಬಗೆಯೆಂತು? ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದದ್ದೇ ೧೮೭೫ರಲ್ಲಿ. ಅದಕ್ಕೆ ಮುಂಚಿನ ಶತಮಾನಗಳ ಲೆಕ್ಕವನ್ನು ಮರಗಳು ತಮ್ಮ ಒಡಲಲ್ಲೇ ಇಟ್ಟುಕೊಂಡಿವೆ.

ತೇಗದ ದಿಮ್ಮಿಯನ್ನು ಅಡ್ಡಲಾಗಿ ಕೊಯ್ದಾಗ ಒಂದರ ಸುತ್ತ ಒಂದರಂತೆ ಉಂಗುರಗಳು ಕಾಣುತ್ತವೆ. ಬೇಸಗೆಯಲ್ಲಿ ಎಲೆಯುದುರಿಸಿ ವಿಶ್ರಮಿಸುವ ಈ ಮರವು ಮಳೆಗಾಲದಲ್ಲಿ ಮತ್ತೆ ಬೆಳೆಯುವುದರಿಂದ ವರ್ಷಕ್ಕೊಂದು ಉಂಗುರ ಮೂಡುತ್ತದೆ. ಮಳೆ ಸಮೃದ್ಧವಾದ ವರ್ಷದ ಉಂಗುರ ಸಾಮಾನ್ಯವಾಗಿ ಅಗಲ, ಕೊರತೆಯ ವರ್ಷದ್ದು ಕಿರಿದು. ನಮ್ಮ ತೋಟಗಳ ತೆಂಗು, ಅಡಕೆಗಳಲ್ಲಿ ಇಂತಹ ಉಂಗುರಗಳಿರುವುದಿಲ್ಲ.

ಈ ಶಾಸ್ತ್ರಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಳಹದಿ ಹಾಕಿದವರು ಅಮೆರಿಕದ ಅರಿಜೋನಾದಲ್ಲಿದ್ದ ಖಗೋಳಜ್ಞ ಎ. ಇ. ಡಗ್ಲಾಸ್. ಒಂದೇ ಸೀಮೆಯ ಮರಗಳಲ್ಲಿ ಅಗಲ-ಕಿರಿದುಗಳ ಕ್ರಮವು ಒಂದನ್ನೊಂದು ಹೋಲುವುದನ್ನು ಅವರು ಗುರುತಿಸಿದರು. ಬದುಕಿರುವ ಮರದ ಒಳಗಿನ ಉಂಗುರಗಳನ್ನು ಹಳೆಯ ತೊಲೆಯೊಂದರ ಹೊರಗಿನ ಉಂಗುರಗಳೊಡನೆ ಹೊಂದಿಸಿದರೆ ಲೆಕ್ಕವು ಇನ್ನೂ ಹಿಂದಕ್ಕೆ ಸಾಗುತ್ತದೆ. ನೆರಳು, ಕೀಟಬಾಧೆಗಳಿಂದಲೂ ಉಂಗುರ ಕಿರಿದಾಗುವುದುಂಟು. ಆದುದರಿಂದ ಒಂದೇ ಮರದ ಸಾಕ್ಷ್ಯವನ್ನು ನಂಬದೆ ಅನೇಕ ಮರಗಳ ಸರಾಸರಿಯನ್ನು ತೆಗೆಯುತ್ತಾರೆ. ಇದಕ್ಕಾಗಿ ಮರವನ್ನು ಉರುಳಿಸಬೇಕಾಗಿಲ್ಲ. ಟೊಳ್ಳಾದ ಬೈರಿಗೆಯಿಂದ ಪೆನ್ಸಿಲಿನಷ್ಟು ತೆಳುವಾದ ತುಂಡನ್ನು ಹೊರತೆಗೆದರೆ ಸಾಕು.

ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಕೇರಳದ ತೇಗಗಳಿಂದ ೫೨೩ ವರ್ಷಗಳ ಉಂಗುರ ದಾಖಲೆಯನ್ನು ಸಿದ್ಧಪಡಿಸಿ ೨೦೧೦ರಲ್ಲಿ ಪ್ರಕಟಿಸಿದರು. ಶಾಂತಸಾಗರದ ನೀರು ಬಿಸಿಯೇರುವ ಎಲ್ ನಿನೊ ವರ್ಷಗಳಿಗೂ, ಮುಂಗಾರಿನ ಕೊರತೆಗೂ, ಕಿರಿದಾದ ಉಂಗುರಗಳಿಗೂ ಸಂಬಂಧವಿರುವುದು ಅದರಿಂದ ತಿಳಿದುಬಂತು. ಅದೇ ವರ್ಷ ಪ್ರಕಟವಾದ, ಏಷ್ಯದ ಮುನ್ನೂರಕ್ಕೂ ಹೆಚ್ಚು ಉಂಗುರ ದಾಖಲೆಗಳನ್ನು ಆಧರಿಸಿದ ಬರಗಳ ನಕಾಶೆಯಲ್ಲಿ ೧೭೯೦ರಿಂದ ೧೭೯೬ರವರೆಗಿನ ಬರವೂ, ನಮ್ಮ ಧಾತು-ಈಶ್ವರ ಬರವೂ ಎದ್ದುಕಾಣುತ್ತವೆ. ಹಿರಿಯರ ನೆನಪಿಗೆ ಮರಗಳೂ ಸಾಕ್ಷಿ ನುಡಿದಂತಾಯಿತು.

ಮುಂಗಾರು ಎಷ್ಟು ವರ್ಷ ಸತತವಾಗಿ ಕೈಕೊಡಬಹುದೆಂಬುದನ್ನು ಅರಿತರೆ ಕೆರೆಯ ಹೂಳೆತ್ತುವುದಕ್ಕೂ, ಕಾಳು ಕೂಡಿಡುವುದಕ್ಕೂ ಆಧಾರ ದೊರೆಯುತ್ತದೆ. ಮಳೆಯನ್ನೇ ನೆಚ್ಚಿ ಬೇಸಾಯ ಮಾಡುವ ನಮಗೆ ಇದು ಕೇವಲ ಕುತೂಹಲದ ವಿಷಯವಲ್ಲ. ಶತಮಾನ ಕಂಡ ಮರವೊಂದನ್ನು ಕಡಿದು ಸುಟ್ಟರೆ ಓದದ ಕಡತವೊಂದನ್ನು ಸುಟ್ಟಂತೆ. ಹಳೆಯ ಮನೆ ಕೆಡವುವಾಗ ತೊಲೆಗಳನ್ನು ಸೌದೆಗೆ ಹಾಕುವ ಮುನ್ನ ಮಕ್ಕಳನ್ನು ಕರೆದು ಉಂಗುರಗಳನ್ನು ಎಣಿಸಿ ತೋರಿಸೋಣ.