ರೆಕ್-ಇಟ್ ರಾಲ್ಫ್ (ಚಲನಚಿತ್ರ)

ರೆಕ್-ಇಟ್ ರಾಲ್ಫ್ ೨೦೧೨ರಲ್ಲಿ ತೆರೆಕಂಡ ಅಮೆರಿಕದ ಆನಿಮೇಷನ್ ಚಲನಚಿತ್ರ. ಇದು ವಾಲ್ಟ್ ಡಿಸ್ನಿ ಆನಿಮೇಷನ್ ಸ್ಟುಡಿಯೋಸ್ ಸಂಸ್ಥೆಯ ೫೨ನೆಯ ಪೂರ್ಣಪ್ರಮಾಣದ ಚಿತ್ರವಾಗಿದೆ. ಇದನ್ನು ರಿಚ್ ಮೂರ್ ನಿರ್ದೇಶಿಸಿದ್ದು, ಚಿತ್ರಕಥೆಯನ್ನು ಫಿಲ್ ಜಾನ್‌ಸ್ಟನ್ ಮತ್ತು ಜೆನಿಫರ್ ಲೀ ಬರೆದಿದ್ದಾರೆ. ಹಳೆಯ ಆರ್ಕೇಡ್ ವಿಡಿಯೊ ಆಟವೊಂದರಲ್ಲಿ ಮೂವತ್ತು ವರ್ಷಗಳಿಂದ ಖಳನ ಪಾತ್ರ ವಹಿಸಿ ಬೇಸತ್ತ ರಾಲ್ಫ್ ಎಂಬುವನು ತಾನೂ ಒಳ್ಳೆಯವನೆಂದು ತೋರಿಸಲು ಹೊರಡುವುದು ಇದರ ಕಥೆ.

ಹಿನ್ನೆಲೆ

ಆರ್ಕೇಡ್ ಎಂದರೆ ನಾಣ್ಯ ಹಾಕಿ ಆಡುವ ಆಟದ ಯಂತ್ರಗಳನ್ನು ಸಾಲಾಗಿ ಇರಿಸಿದ ಅಂಗಡಿ. ಸ್ಪೇಸ್ ಇನ್ವೇಡರ್ಸ್ (೧೯೭೮), ಪ್ಯಾಕ್-ಮ್ಯಾನ್ (೧೯೮೦), ಡಾಂಕಿ ಕಾಂಗ್ (೧೯೮೧) ಮೊದಲಾದ ಆಟಗಳ ಕಾಲದಲ್ಲಿ ಇಂತಹ ಅಂಗಡಿಗಳು ಅಮೆರಿಕ ಮತ್ತು ಜಪಾನಿನಲ್ಲಿ ಬಹು ಜನಪ್ರಿಯವಾಗಿದ್ದವು. ಮನೆಯಲ್ಲಿಯೇ ಆಡುವ ಸಾಧನಗಳು ಹೆಚ್ಚಿದಂತೆ ಅಮೆರಿಕದಲ್ಲಿ ಅವುಗಳ ಪ್ರಾಬಲ್ಯ ಕುಗ್ಗಿತು. ಚಿತ್ರದಲ್ಲಿ ಬರುವ 'ಫಿಕ್ಸ್-ಇಟ್ ಫೀಲಿಕ್ಸ್ ಜೂನಿಯರ್' ೧೯೮೨ರ ಆಟವೆಂದು ಹೇಳಲಾಗಿದ್ದರೂ ಅದು ಕಲ್ಪಿತವಾದದ್ದು. ಎತ್ತರದ ಕಟ್ಟಡದ ಮೇಲೆ ದೈತ್ಯನೊಬ್ಬ, ಕೆಳಗಿನಿಂದ ಮೇಲೇರುವ ನಾಯಕ ಎಂಬ ಅದರ ವಿನ್ಯಾಸ ಡಾಂಕಿ ಕಾಂಗ್ ಆಟವನ್ನು ನೆನಪಿಸುತ್ತದೆ.

ಕಥಾವಸ್ತು

ಲಿಟ್ವಾಕ್ ಎಂಬ ಹಿರಿಯನ ಆರ್ಕೇಡ್ ಬಾಗಿಲು ಮುಚ್ಚಿದ ಮೇಲೆ ಯಂತ್ರಗಳೊಳಗಿನ ಪಾತ್ರಗಳು ತಮ್ಮ ಸ್ವಂತ ಬದುಕನ್ನು ಆರಂಭಿಸುತ್ತವೆ. ಯಂತ್ರಗಳ ತಂತಿಗಳೇ ಅವುಗಳ ಸಂಚಾರಮಾರ್ಗ. ತಂತಿಗಳೆಲ್ಲ ಸೇರುವ ವಿದ್ಯುತ್ ಪಟ್ಟಿಯೇ ಅವುಗಳ ರೈಲು ನಿಲ್ದಾಣ. ಹಗಲಿನಲ್ಲಿ ರಾಲ್ಫ್ ಕಟ್ಟಡವನ್ನು ಒಡೆಯುತ್ತಾನೆ, ಫೀಲಿಕ್ಸ್ ಚಿನ್ನದ ಸುತ್ತಿಗೆಯಿಂದ ಅದನ್ನು ಸರಿಪಡಿಸುತ್ತಾನೆ. ಫೀಲಿಕ್ಸ್‌ಗೆ ಪದಕ ಮತ್ತು ಮನ್ನಣೆ ದೊರೆತರೆ, ರಾಲ್ಫ್‌ಗೆ ಇಟ್ಟಿಗೆಯ ರಾಶಿಯೇ ಹಾಸಿಗೆ. ಆಟದ ಮೂವತ್ತನೆಯ ವಾರ್ಷಿಕೋತ್ಸವದ ಔತಣಕ್ಕೂ ಅವನಿಗೆ ಕರೆ ಬರುವುದಿಲ್ಲ.

ಪದಕವೊಂದನ್ನು ಗಳಿಸಿದರೆ ಎಲ್ಲರೂ ತನ್ನನ್ನು ಗೌರವಿಸುವರೆಂದು ನಂಬಿ ಅವನು 'ಹೀರೋಸ್ ಡ್ಯೂಟಿ' ಎಂಬ ಯುದ್ಧದ ಆಟಕ್ಕೆ ನುಸುಳುತ್ತಾನೆ. ಅಲ್ಲಿ ಪದಕ ಪಡೆದು, ಆಕಸ್ಮಿಕವಾಗಿ 'ಶುಗರ್ ರಶ್' ಎಂಬ ಸಿಹಿತಿಂಡಿಗಳ ಲೋಕದ ಕಾರ್ ಓಟದ ಆಟಕ್ಕೆ ಬಂದು ಬೀಳುತ್ತಾನೆ. ಇತ್ತ ಒಡೆಯುವವನೇ ಇಲ್ಲದ ಅವನ ಸ್ವಂತ ಆಟ ಕೆಟ್ಟುಹೋಗಿದೆಯೆಂದು ಲಿಟ್ವಾಕ್ ಫಲಕ ಅಂಟಿಸುತ್ತಾನೆ. ತಂತಿಯನ್ನು ಕಿತ್ತರೆ ಅಲ್ಲಿನವರೆಲ್ಲ ನಿರಾಶ್ರಿತರಾಗುವರು.

ಶುಗರ್ ರಶ್‌ನಲ್ಲಿ ರಾಲ್ಫ್‌ಗೆ ವನೆಲೊಪಿ ಎಂಬ ಬಾಲಕಿಯ ಪರಿಚಯವಾಗುತ್ತದೆ. ಅವಳು 'ಗ್ಲಿಚ್', ಅಂದರೆ ಕ್ರಮವಿಧಿಯಲ್ಲಿನ ದೋಷದಿಂದ ಆಗಾಗ ಮಿನುಗಿ ಮಾಯವಾಗುವವಳು. ಈ ಕಾರಣಕ್ಕೆ ಅವಳಿಗೆ ಓಟದಲ್ಲಿ ಪಾಲ್ಗೊಳ್ಳುವ ಅವಕಾಶವಿಲ್ಲ. ಇಬ್ಬರೂ ಸೇರಿ ಅವಳಿಗೊಂದು ಕಾರನ್ನು ಸಿದ್ಧಪಡಿಸುತ್ತಾರೆ. ಆದರೆ ಅವಳು ಓಡಿದರೆ ಆಟಗಾರರು ದೋಷವನ್ನು ಕಂಡು ದೂರುವರು, ಆಟ ನಿಂತುಹೋಗುವುದು, ಹೊರಗೆ ಹೋಗಲಾರದ ಅವಳು ಅಲ್ಲಿಯೇ ಅಳಿಯುವಳು ಎಂದು ಕಿಂಗ್ ಕ್ಯಾಂಡಿ ರಾಲ್ಫ್‌ನನ್ನು ನಂಬಿಸುತ್ತಾನೆ. ಅವಳನ್ನು ಉಳಿಸಲೆಂದೇ ರಾಲ್ಫ್ ಆ ಕಾರನ್ನು ತನ್ನ ಕೈಯಾರೆ ಒಡೆಯುತ್ತಾನೆ. ಮರಳಿ ತನ್ನ ಆಟಕ್ಕೆ ಬಂದಾಗ ಕಟ್ಟಡ ಬರಿದಾಗಿರುತ್ತದೆ. ಪದಕಕ್ಕೆ ಬೆಲೆಯೇ ಉಳಿದಿರುವುದಿಲ್ಲ. ಶುಗರ್ ರಶ್ ಯಂತ್ರದ ಹೊರಮೈಯಲ್ಲಿ ವನೆಲೊಪಿಯ ಚಿತ್ರವನ್ನು ಕಂಡು ಅವಳು ಆ ಆಟದ ಮುಖ್ಯ ಪಾತ್ರವೆಂದು ಅರಿತು ಅವನು ಹಿಂದಿರುಗುತ್ತಾನೆ. ಕಿಂಗ್ ಕ್ಯಾಂಡಿಯು ಹಿಂದೆ ಅಸೂಯೆಯಿಂದ ಬೇರೆಯ ಆಟಕ್ಕೆ ನುಗ್ಗಿ ಎರಡು ಆಟಗಳನ್ನು ಹಾಳುಮಾಡಿದ ಟರ್ಬೊ ಎಂಬುದು ಕೊನೆಯಲ್ಲಿ ಬಯಲಾಗುತ್ತದೆ.

ಆಶಯ

ಖಳನೆಂಬುದು ಒಬ್ಬನ ಕೆಲಸವೇ ಹೊರತು ಅವನ ಸ್ವಭಾವವಲ್ಲ ಎಂಬುದು ಚಿತ್ರದ ತಿರುಳು. ರಾಲ್ಫ್ ಮತ್ತು ಟರ್ಬೊ ಇಬ್ಬರೂ ತಮ್ಮ ಆಟವನ್ನು ಬಿಟ್ಟು ಹೋದವರೇ. ಟರ್ಬೊ ಮೆರೆಯುವ ಆಸೆಯಿಂದ ಇನ್ನೊಬ್ಬರ ಸ್ಥಾನವನ್ನು ಕಸಿದುಕೊಂಡರೆ, ರಾಲ್ಫ್ ಇನ್ನೊಬ್ಬಳಿಗೆ ಅವಳ ಸ್ಥಾನವನ್ನು ಮರಳಿಸಿಕೊಡುತ್ತಾನೆ. ಕೊನೆಯಲ್ಲಿ ರಾಲ್ಫ್‌ನ ಕೆಲಸ ಬದಲಾಗುವುದಿಲ್ಲ. ಅವನು ಮತ್ತೆ ಕಟ್ಟಡ ಒಡೆಯುತ್ತಾನೆ. ಬದಲಾಗುವುದು ನೆರೆಹೊರೆಯವರು ಅವನನ್ನು ಕಾಣುವ ರೀತಿ. ವನೆಲೊಪಿಯೂ ತನ್ನ ದೋಷವನ್ನು ನೀಗಿಕೊಳ್ಳದೆ ಅದನ್ನು ಓಟದಲ್ಲಿ ಶಕ್ತಿಯಾಗಿ ಬಳಸುತ್ತಾಳೆ. ವಿದ್ಯುತ್ ನಿಂತರೆ ನೆಲೆ ತಪ್ಪುವ ಪಾತ್ರಗಳ ಮೂಲಕ, ಬಳಕೆ ತಪ್ಪಿದವರ ಪಾಡನ್ನೂ ಚಿತ್ರ ಸೂಚಿಸುತ್ತದೆ. ನಿಲ್ದಾಣದಲ್ಲಿ ಭಿಕ್ಷೆ ಬೇಡುವ ಕ್ಯೂಬರ್ಟ್ ೧೯೮೨ರ ನಿಜವಾದ ಆಟವೊಂದರ ಪಾತ್ರ.

ನಿರ್ಮಾಣ

ವಿಡಿಯೊ ಆಟಗಳ ಲೋಕವನ್ನು ಕುರಿತ ಚಿತ್ರದ ಯೋಚನೆ ಡಿಸ್ನಿಯಲ್ಲಿ ೧೯೮೦ರ ದಶಕದ ಕೊನೆಯಲ್ಲಿಯೇ ಮೂಡಿತ್ತು. 'ಹೈ ಸ್ಕೋರ್', 'ಜೋ ಜಂಪ್' ಎಂಬ ಹೆಸರುಗಳಿಂದ ಹಾದು ಅದು ಈ ರೂಪಕ್ಕೆ ಬಂದಿತು. 'ದಿ ಸಿಂಪ್ಸನ್ಸ್' ದೂರದರ್ಶನ ಮಾಲೆಯಲ್ಲಿ ದುಡಿದಿದ್ದ ಮೂರ್ ಅವರಿಗೆ ಇದು ಮೊದಲ ಪೂರ್ಣಪ್ರಮಾಣದ ಚಿತ್ರ. ಹಳೆಯ ಆಟದ ನಿವಾಸಿಗಳು ಎಂಬತ್ತರ ದಶಕದ ಪರದೆಯ ಬೊಂಬೆಗಳಂತೆ ತುಂಡುತುಂಡಾಗಿ ಚಲಿಸಿದರೆ, ಆಧುನಿಕ ಆಟದ ಯೋಧರು ನೈಜ ಮನುಷ್ಯರಂತೆ ಚಲಿಸುತ್ತಾರೆ. ಬೌಸರ್, ಸೋನಿಕ್, ಪ್ಯಾಕ್-ಮ್ಯಾನ್ ಆಟದ ಭೂತ ಕ್ಲೈಡ್ ಮೊದಲಾದ ಪ್ರಸಿದ್ಧ ಪಾತ್ರಗಳನ್ನು ಅವುಗಳ ಮಾಲೀಕ ಸಂಸ್ಥೆಗಳ ಅನುಮತಿಯಿಂದ ಬಳಸಲಾಗಿದೆ.

ರಾಲ್ಫ್‌ಗೆ ಜಾನ್ ಸಿ. ರೈಲಿ, ವನೆಲೊಪಿಗೆ ಸಾರಾ ಸಿಲ್ವರ್‌ಮನ್, ಫೀಲಿಕ್ಸ್‌ಗೆ ಜ್ಯಾಕ್ ಮ್ಯಾಕ್‌ಬ್ರೇಯರ್, ಸೇನಾನಾಯಕಿ ಕಾಲ್ಹೂನ್‌ಗೆ ಜೇನ್ ಲಿಂಚ್ ಮತ್ತು ಕಿಂಗ್ ಕ್ಯಾಂಡಿಗೆ ಆಲನ್ ಟುಡಿಕ್ ಧ್ವನಿ ನೀಡಿದ್ದಾರೆ. ಸಂಗೀತ ಹೆನ್ರಿ ಜಾಕ್‌ಮನ್ ಅವರದು.

ಬಿಡುಗಡೆ ಮತ್ತು ಪ್ರಶಸ್ತಿಗಳು

ಚಿತ್ರವು ೨೦೧೨ರ ನವೆಂಬರ್ ೨ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ಅದರೊಂದಿಗೆ ಪ್ರದರ್ಶಿತವಾದ 'ಪೇಪರ್‌ಮ್ಯಾನ್' ಎಂಬ ಕಿರುಚಿತ್ರ ಮುಂದೆ ಆಸ್ಕರ್ ಪಡೆಯಿತು. ಸುಮಾರು ೧೬.೫ ಕೋಟಿ ಡಾಲರ್ ವೆಚ್ಚದ ರೆಕ್-ಇಟ್ ರಾಲ್ಫ್ ಜಗತ್ತಿನಾದ್ಯಂತ ೪೭ ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅತ್ಯುತ್ತಮ ಆನಿಮೇಷನ್ ಚಿತ್ರ ವಿಭಾಗದಲ್ಲಿ ಆನಿ ಪ್ರಶಸ್ತಿ ಗಳಿಸಿದ ಈ ಚಿತ್ರ ಆಸ್ಕರ್‌ಗೂ ನಾಮನಿರ್ದೇಶನಗೊಂಡಿತ್ತು. ಆ ವರ್ಷದ ಆಸ್ಕರ್ 'ಬ್ರೇವ್' ಚಿತ್ರಕ್ಕೆ ಸಂದಿತು.

ಇದರ ಮುಂದುವರಿದ ಭಾಗವಾದ 'ರಾಲ್ಫ್ ಬ್ರೇಕ್ಸ್ ದಿ ಇಂಟರ್ನೆಟ್' ೨೦೧೮ರಲ್ಲಿ ತೆರೆಕಂಡಿತು. ಅದರಲ್ಲಿ ರಾಲ್ಫ್ ಮತ್ತು ವನೆಲೊಪಿ ಆರ್ಕೇಡಿನಿಂದ ಹೊರಟು ಅಂತರಜಾಲವನ್ನು ಪ್ರವೇಶಿಸುತ್ತಾರೆ.