ಕೋವಿಯ ಚಿಲಕ ನೋಡಿಕೊಳ್ಳುವವರು

ಆಯುಧಪೂಜೆಯ ದಿನ ಪೊಲೀಸ್ ಸಶಸ್ತ್ರ ಮೀಸಲು ಪಡೆಗಳಲ್ಲಿ ರೈಫಲ್‌ಗಳಿಗೆ ಅರಿಸಿನ, ಕುಂಕುಮ, ಚೆಂಡುಹೂವಿನ ಮರ್ಯಾದೆ. ಮಂಗಳಾರತಿ ಆದಮೇಲೆ ಉಳಿದವರು ಪ್ರಸಾದದ ಕಡೆ ಹೊರಟರೆ ಆರ್ಮರರ್ ಬ್ರಷ್ ಹಿಡಿಯಬೇಕು. ಸಂದಿಗೊಂದಿಗಳಿಗೆ ಇಳಿದ ಕುಂಕುಮ ಅಲ್ಲೇ ಕೂತರೆ ನಾಳೆ ಎಣ್ಣೆಯ ಜೊತೆ ಸೇರಿ ಕೆಸರಾಗುತ್ತದೆ.

ಆಯುಧಗಳ ದುರಸ್ತಿ ಮತ್ತು ತಪಾಸಣೆ ಆರ್ಮರರ್‌ನ ಕಸುಬು. ಸೇನೆಯಲ್ಲಿ ಇದು 1943ರಲ್ಲಿ ರೂಪುಗೊಂಡ ಇಎಂಇ (ಎಲೆಕ್ಟ್ರಿಕಲ್ ಅಂಡ್ ಮೆಕ್ಯಾನಿಕಲ್ ಎಂಜಿನಿಯರ್ಸ್) ದಳದ ಹೊಣೆ. ಪೊಲೀಸರಲ್ಲಿ ಆಯುಧಾಗಾರದ ಸಿಬ್ಬಂದಿಯದು. ನಳಿಗೆ, ಬೋಲ್ಟ್, ಮ್ಯಾಗಜಿನ್ ಎಲ್ಲವೂ ಅವರ ಕೈಗೆ ಬರುತ್ತವೆ. ಆದರೆ ಅವರ ಕಸುಬುದಾರಿಕೆ ಎದ್ದು ಕಾಣುವುದು ಹಲವು ಕೋವಿಗಳಲ್ಲಿ ಹೆಬ್ಬೆರಳಷ್ಟೂ ಇಲ್ಲದ ಒಂದು ಭಾಗದಲ್ಲಿ. ಅದು ಸೇಫ್ಟಿ ಲಿವರ್, ಕೋವಿಯ ಚಿಲಕ.

ಈ ಚಿಲಕಕ್ಕೆ ಎರಡೇ ಗುಣ ಇರಬೇಕು. ಕತ್ತಲಲ್ಲೂ ಬೆರಳಿಗೆ ಸಲೀಸಾಗಿ ಸರಿಯಬೇಕು, ಇಟ್ಟ ಜಾಗದಲ್ಲಿ ನಿಲ್ಲಬೇಕು. ಬಿಗಿಯಾದರೆ ಜನ ಬೇಸತ್ತು ಅದನ್ನು ಹಾಕುವುದನ್ನೇ ಬಿಡುತ್ತಾರೆ. ಸಡಿಲಾದರೆ ಅಂಗಿಯ ಅಂಚೋ ಹೆಗಲಪಟ್ಟಿಯೋ ತಾಗಿ ತಾನೇ ಸರಿಯುತ್ತದೆ. ದೂರು ಎರಡಾದರೂ ಕೊನೆಗೆ ಆಗುವುದು ಒಂದೇ: ಭದ್ರವಾಗಿದೆ ಅಂದುಕೊಂಡ ಕೋವಿ ಭದ್ರವಾಗಿರುವುದಿಲ್ಲ.

ಯಾವ ದೂರು ಬಂದರೂ ಮೊದಲ ಕೆಲಸ ಮ್ಯಾಗಜಿನ್ ತೆಗೆದು, ಬೋಲ್ಟ್ ಎಳೆದು, ಒಳಗೆ ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳುವುದು. ಆಮೇಲೆ ರೋಗಪತ್ತೆ. ಬಿಗಿ ಎಂದು ಬಂದ ಕೋವಿಗಳಲ್ಲಿ ಕೆಲವಕ್ಕೆ ರೋಗವೇ ಇರುವುದಿಲ್ಲ. ಅಮೆರಿಕದ ಎಆರ್-15 ಮಾದರಿಯಲ್ಲಿ ತೋಟಾ ಸಿಡಿಸುವ ಹ್ಯಾಮರ್ ಹಿಂದಕ್ಕೆ ಕೂತಿರದಿದ್ದರೆ ಲಿವರ್ 'ಸೇಫ್' ಕಡೆಗೆ ತಿರುಗುವುದೇ ಇಲ್ಲ. ಅದು ಅದರ ವಿನ್ಯಾಸ. ಗೊತ್ತಿಲ್ಲದವರು ಬಲ ಹಾಕಿ ಒಳಗಿನ ಭಾಗಗಳನ್ನು ಕೆಡಿಸುತ್ತಾರೆ.

ನಿಜವಾಗಿ ಬಿಗಿಯಾಗಿದ್ದರೆ ಸಾಮಾನ್ಯವಾಗಿ ಅದಕ್ಕೆ ಕಾರಣ ಕೊಳೆ, ತುಕ್ಕು, ಇಲ್ಲವೇ ತಪ್ಪು ಎಣ್ಣೆ. ಮನೆಯಲ್ಲಿದೆ ಎಂದು ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಅದು ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ; ಅದಕ್ಕೆ ಮಡಿಕೇರಿಯ ಬೆಳಗಿನ ಚಳಿಯೇ ಸಾಕು. ಹಳೆಯ ಜಿಡ್ಡನ್ನು ಪೂರ್ತಿ ತೊಳೆದು ಕೋವಿಯ ತೆಳು ಎಣ್ಣೆ ಒಂದು ಹನಿ ಬಿಟ್ಟರೆ ಎಷ್ಟೋ ಲಿವರ್‌ಗಳು ಸಲೀಸಾಗುತ್ತವೆ.

ಸಡಿಲಾದದ್ದಕ್ಕೆ ಎಲ್ಲ ಕೋವಿಗೂ ಒಂದೇ ಮದ್ದಿಲ್ಲ. ಎಆರ್‌ನಲ್ಲಿ ಲಿವರನ್ನು ಹಿಡಿದು ನಿಲ್ಲಿಸುವ ಪುಟ್ಟ ಮೊಳೆಯನ್ನು ಒತ್ತುವ ಸ್ಪ್ರಿಂಗ್ ಕೈಹಿಡಿಯೊಳಗೆ ಅಡಗಿರುತ್ತದೆ. ಕೈಹಿಡಿಯ ತಿರುಪು ಸಡಿಲಾದರೆ ಸ್ಪ್ರಿಂಗಿನ ಒತ್ತಡ ಇಳಿದು ಲಿವರ್ ಅಲುಗಾಡುತ್ತದೆ. ಎಕೆ ಮಾದರಿಯಲ್ಲಿ ಬಲಬದಿಯ ಉದ್ದ ತಗಡಿನ ಲಿವರೇ ಸ್ಪ್ರಿಂಗ್. ಅದು ಬಾಗಿದರೆ ಹಿಡಿತ ಹೋಯಿತು. ನಮ್ಮ ಪೊಲೀಸರು ದಶಕಗಳ ಕಾಲ ಹೆಗಲಲ್ಲಿ ಹೊತ್ತ .303 ರೈಫಲಿನದು ಬೇರೆಯೇ ಕಥೆ. ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲೂ ತಯಾರಾದ ಈ ಕೋವಿಯ ಎಡಬದಿಯ ಚಿಲಕ ತಿರುಪಿನಂಥ ಸುರುಳಿ ಎಳೆಗಳ ಮೇಲೆ ಕೂರುತ್ತದೆ. ಬಿಚ್ಚಿ ಜೋಡಿಸುವಾಗ ಒಂದು ಎಳೆ ತಪ್ಪಿದರೆ ಲಿವರ್ ತಿರುಗಿದಂತೆ ಕಂಡರೂ ಬೋಲ್ಟಿಗೆ ಸರಿಯಾಗಿ ಬೀಗ ಬೀಳದು.

ಇಲ್ಲಿ ಕಸುಬಿನ ಮುಖ್ಯ ಪಾಠ ಅರ ಹಾಕದಿರುವುದು. ಬಿಗಿಯಾದ ಲಿವರನ್ನು ನಾಲ್ಕು ಸಲ ಉಜ್ಜಿದರೆ ಸಲೀಸಾಗುತ್ತದೆ, ನಿಜ. ಆದರೆ ಇಂಥ ಭಾಗಗಳಲ್ಲಿ ಗಡಸು ಇರುವುದು ಹೆಚ್ಚಾಗಿ ಮೇಲ್ಪದರದಲ್ಲಿ. ಅದು ಹೋದಮೇಲೆ ಒಳಗಿನ ಮೆದು ಲೋಹ ಬೇಗ ಸವೆದು, ಇಂದಿನ ಬಿಗಿ ನಾಳೆಯ ಸಡಿಲವಾಗುತ್ತದೆ. ಆದ್ದರಿಂದ ತೊಳೆ, ಪರೀಕ್ಷಿಸು, ಸವೆದಿದ್ದರೆ ಹೊಸ ಭಾಗ ಹಾಕು ಎಂಬುದೇ ಕ್ರಮ.

ದುರಸ್ತಿ ಮುಗಿದ ಕೋವಿಗೆ ಖಾಲಿಯಾಗಿಯೇ ಪರೀಕ್ಷೆ. ಚಿಲಕ ಹಾಕಿ ಟ್ರಿಗರ್ ಎಳೆದರೆ ಹ್ಯಾಮರ್ ಬೀಳಕೂಡದು. ಟ್ರಿಗರ್ ಬಿಟ್ಟು ಚಿಲಕ ತೆಗೆದಾಗ ಅದು ತಾನಾಗಿಯೂ ಬೀಳಕೂಡದು. ಮತ್ತೆ ಎಳೆದಾಗ ಮಾತ್ರ ಬೀಳಬೇಕು. ಎರಡನೆಯ ಪರೀಕ್ಷೆಯನ್ನು ಬಿಟ್ಟುಬಿಡುವವರಿದ್ದಾರೆ, ಅಪಾಯ ಇರುವುದೂ ಅಲ್ಲೇ.

ಮನೆಯಲ್ಲಿ ಕೋವಿ ಇರುವವರು ನೆನಪಿಡಬೇಕಾದ ಕಾನೂನೊಂದಿದೆ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಆದರೆ ಇನ್ನೊಬ್ಬರ ಕೋವಿ ರಿಪೇರಿ ಮಾಡುವ ಕಸುಬಿಗೆ 1959ರ ಆಯುಧ ಕಾಯ್ದೆಯ 5ನೇ ಕಲಮಿನಂತೆ ಪರವಾನಗಿ ಬೇಕೇ ಬೇಕು. ಕೊಡವರ ಆಯುಧ ಹಬ್ಬವಾದ ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಜೋಡಿನಳಿಗೆ ಕೋವಿ ಇಳಿಸುವ ಮುನ್ನ ಅದರ ಚಿಲಕವನ್ನು ಅಂಥವರಿಗೇ ತೋರಿಸುವುದು ಲೇಸು.

ತೋರಿಸಿ ತಂದಮೇಲೂ ಚಿಲಕವನ್ನು ಪೂರ್ತಿ ನಂಬುವಂತಿಲ್ಲ. ಅದನ್ನು ಸರಿಮಾಡಿದ ಆರ್ಮರರ್ ಕೂಡ ಕೋವಿ ವಾಪಸು ಕೊಡುವಾಗ ಬೋಲ್ಟ್ ತೆರೆದೇ ಕೊಡುತ್ತಾರೆ, ನಳಿಗೆಯ ಬಾಯಿ ಯಾರ ಕಡೆಗೂ ತಿರುಗದಂತೆ ಹಿಡಿದಿರುತ್ತಾರೆ.