ಕಾರಿನ ಮೇಲೆ ಸಿಡಿದ ಗೋಡೆಯ ಬಣ್ಣ

ಮನೆಗೆ ಬಣ್ಣ ಬಳಿಸುವುದು ನಮ್ಮಲ್ಲಿ ಪ್ರಾಯಶಃ ಹಬ್ಬಕ್ಕೆ ಮುಂಚೆ, ಇಲ್ಲವೆ ಮದುವೆಗೆ ಮುಂಚೆ. ಆ ದಿನಗಳಲ್ಲಿ ಬೀದಿಯ ತುಂಬ ಏಣಿ, ಸಾರುವೆ, ಬಣ್ಣದ ಡಬ್ಬಿಗಳೇ. ಬೆಂಗಳೂರಿನಂತಹ ಪಟ್ಟಣದಲ್ಲಿ 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದಲ್ಲಿ ಮನೆಯೆದ್ದ ಮೇಲೆ ಕಾರಿಗೆ ಉಳಿಯುವ ಸ್ಥಳವು ಗೋಡೆಯ ಬುಡವೇ ಸರಿ. ಮೇಲೆ ಕುಂಚವಾಡುತ್ತಿರುವಾಗ ಗಾಳಿ ಸ್ವಲ್ಪ ಬೀಸಿದರೂ ಸಾಕು, ಗೋಡೆಗೆ ಸಲ್ಲಬೇಕಾದ ಹನಿಗಳು ಕೆಳಗೆ ನಿಂತ ಕಾರಿನ ಮೈಮೇಲೆ ಚುಕ್ಕೆ ಚುಕ್ಕೆಯಾಗಿ ಕುಳಿತುಬಿಡುತ್ತವೆ. ಕಾರು ತನ್ನದಾದರೆ ವ್ಯಥೆ, ನೆರೆಮನೆಯವರದಾದರೆ ವ್ಯಾಜ್ಯ.

ಈ ಚುಕ್ಕೆಗಳಿಂದ ಕಾರಿಗೆ ಒದಗುವ ಹಾನಿ ಅಲ್ಪ. ಅವನ್ನು ತೆಗೆಯುವ ಅವಸರದಿಂದ ಒದಗುವ ಹಾನಿಯೇ ಅಧಿಕ. ನಮ್ಮ ಬೀದಿಯಲ್ಲಿಯೇ ಒಬ್ಬ ಗೃಹಸ್ಥರು ಇಪ್ಪತ್ತು ಮೂವತ್ತು ಚುಕ್ಕೆಗಳನ್ನು ಪಾತ್ರೆ ತಿಕ್ಕುವ ತಂತಿನಾರಿನಿಂದ ಉಜ್ಜಿಸಿದರು. ಚುಕ್ಕೆಗಳೇನೋ ಹೋದುವು. ಆದರೆ ಅವು ಇದ್ದೆಡೆಯಲ್ಲೆಲ್ಲ ಹೊಳಪಳಿದು ಮಬ್ಬಾದ ಕಲೆಗಳುಳಿದು, ಕಡೆಗೆ ಬಾನೆಟ್ಟಿಗೆ ಪೂರ್ತಿಯಾಗಿ ಹೊಸ ಬಣ್ಣವನ್ನೇ ಹಾಕಿಸಬೇಕಾಯಿತು.

ಹೀಗೇಕಾಯಿತೆಂದು ತಿಳಿಯಬೇಕಾದರೆ ಕಾರಿನ ಬಣ್ಣದ ರಚನೆಯನ್ನು ಅರಿಯಬೇಕು. ಈಗಿನ ಕಾರುಗಳಲ್ಲಿ ತಗಡಿನ ಮೇಲೆ ತುಕ್ಕನ್ನು ತಡೆಯುವ ಲೇಪ, ಅದರ ಮೇಲೆ ಮೈಯನ್ನು ಸಮಮಾಡುವ ಲೇಪ, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್, ಹೀಗೆ ಪದರಗಳಿರುತ್ತವೆ. ಎಲ್ಲವೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಎಂದರೆ ಒಂದು ಮಿಲಿಮೀಟರಿನ ಆರನೆಯ ಒಂದು ಪಾಲೂ ಇಲ್ಲ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40ರಿಂದ 50 ಮೈಕ್ರಾನ್. ಕಾರಿನ ಹೊಳಪೂ, ಬಿಸಿಲಿನಿಂದ ಬಣ್ಣಕ್ಕಿರುವ ರಕ್ಷಣೆಯೂ ಇಷ್ಟು ತೆಳುವಾದ ಈ ಪದರವನ್ನೇ ಆಶ್ರಯಿಸಿವೆ. ತಂತಿನಾರು, ಉಪ್ಪುಕಾಗದ, ಚಾಕುವಿನ ಅಲಗು ಇವುಗಳಿಗೆ ಚುಕ್ಕೆ ಯಾವುದು, ಈ ಪದರ ಯಾವುದು ಎಂಬ ವಿವೇಕವಿಲ್ಲ.

ದ್ರವಗಳ ವಿಚಾರವೂ ಹೀಗೆಯೇ. ಬಣ್ಣದ ಕೆಲಸದವನು ಮರುಕದಿಂದ ತನ್ನಲ್ಲಿರುವ ತಿನ್ನರನ್ನು ಕೊಡುವುದುಂಟು. ಅದು ಅವನ ಕುಂಚಕ್ಕೆ ಹಿತ, ಕಾರಿಗೆ ಅಹಿತ. ಕಾರ್ಖಾನೆಯಲ್ಲಿ ಕಾಯಿಸಿ ಗಟ್ಟಿಮಾಡಿದ ಲೇಪವು ಒಂದು ಒರೆಸಿಗೆ ತಾಳಿಕೊಂಡೀತು. ಗ್ಯಾರೇಜಿನಲ್ಲಿ ಮರಳಿ ಬಣ್ಣ ಹಾಕಿಸಿದ ಭಾಗವು ತಾಳುವುದೆಂಬ ಭರವಸೆಯಿಲ್ಲ. 1920ರ ದಶಕದಲ್ಲಿ ಬಳಕೆಗೆ ಬಂದ ನೈಟ್ರೋಸೆಲ್ಯುಲೋಸ್ ಬಣ್ಣವುಳ್ಳ ಹಳೆಯ ಮೋಟಾರುಗಳಲ್ಲಂತೂ ಮೂಲ ಬಣ್ಣವೇ ಕರಗಿ ಬಟ್ಟೆಗೆ ಬರುತ್ತದೆ. ಮುಂದೀಪಗಳ ಪಾಲಿಕಾರ್ಬೊನೇಟ್ ಮುಚ್ಚಳಕ್ಕೆ ತಿನ್ನರಾಗಲಿ, ಉಗುರುಬಣ್ಣ ತೆಗೆಯುವ ಅಸಿಟೋನಾಗಲಿ ತಗುಲಿದರೆ ಅದು ಮಬ್ಬಾಗಿ ಬಿರುಕುಬಿಡುವುದು. ಪೆಟ್ರೋಲನ್ನು ಮನೆಬಾಗಿಲಲ್ಲಿ ತೆರೆದಿಡುವುದೇ ಅಪಾಯ. ಆ ಮಾತು ಬೇಡ.

ಆದುದರಿಂದ ಮೊದಲು ಕೇಳತಕ್ಕ ಪ್ರಶ್ನೆ, ಬಿದ್ದದ್ದು ಯಾವ ಜಾತಿಯ ಬಣ್ಣ ಎಂಬುದು. ಡಬ್ಬಿಯ ಮೇಲಿನ ಬರಹವನ್ನು ಓದಿದರೆ ತಿಳಿಯುತ್ತದೆ. ಗೋಡೆಗೆ ಬಳಿಯುವ ಎಮಲ್ಷನ್, ಡಿಸ್ಟೆಂಪರುಗಳು ನೀರಿನಲ್ಲಿ ಕದಡುವಂತಹವು. ಬಾಗಿಲು, ಕಿಟಕಿ, ಗೇಟುಗಳಿಗೆ ಬಳಿಯುವ ಎನಾಮೆಲ್ ಸಾಮಾನ್ಯವಾಗಿ ಎಣ್ಣೆಯ ಜಾತಿಯದು. ನೀರಿನ ಎನಾಮೆಲೂ ಈಚೆಗೆ ಬಂದಿರುವುದರಿಂದ ಹೆಸರನ್ನು ಮಾತ್ರ ನೋಡಿ ನಿರ್ಣಯಿಸಬಾರದು.

ಎಮಲ್ಷನ್ ಹಸಿಯಾಗಿರುವಾಗ ಬರಿಯ ನೀರಿಗೇ ಬಿಡುತ್ತದೆ. ಅದರ ಮೇಲ್ಮೈ ಸುಮಾರು ಅರ್ಧ ಗಂಟೆಯಲ್ಲಿ ಒಣಗುತ್ತದೆ. ಹನಿ ಬಿದ್ದುದನ್ನು ಕಂಡೊಡನೆ ನೀರು ಸುರಿದು ಮೆತ್ತನೆಯ ಬಟ್ಟೆಯಿಂದ ಎತ್ತಿದವರು ಈ ಲೇಖನದ ಉಳಿದ ಭಾಗವನ್ನು ಓದಬೇಕಾಗಿಯೇ ಇಲ್ಲ.

ಒಣಗಿದ್ದರೆ ಕಾರನ್ನು ನೆರಳಿಗೆ ತಂದು, ತಗಡು ತಣ್ಣಗಾದ ಮೇಲೆ, ಮೊದಲು ಧಾರಾಳವಾಗಿ ನೀರು ಹಾಕಿ ಧೂಳನ್ನು ಕಳೆಯಬೇಕು. ಧೂಳಿರುವಾಗ ಉಜ್ಜುವುದು ಉಪ್ಪುಕಾಗದದಿಂದ ಉಜ್ಜಿದಂತೆಯೇ. ಅನಂತರ ಕಾರು ತೊಳೆಯುವ ಶಾಂಪುವಿನ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಚುಕ್ಕೆಗಳ ಮೇಲೆ 10ರಿಂದ 15 ನಿಮಿಷ ಹಾಸಿಡತಕ್ಕದ್ದು. ಮೆತ್ತಗಾದ ಚುಕ್ಕೆಯನ್ನು ಒದ್ದೆ ಬಟ್ಟೆಯೊಳಗಿನ ಬೆರಳುಗುರಿನಿಂದ ಒಂದು ಅಂಚಿನಿಂದ ಮೆಲ್ಲಗೆ ನೂಕಿದರೆ ಸಿಪ್ಪೆಯಂತೆ ಏಳುವುದು. ಏಳದಿದ್ದರೆ ಔಷಧದ ಅಂಗಡಿಯಲ್ಲಿ ದೊರೆಯುವ 70 ಪ್ರತಿಶತದ ಐಸೋಪ್ರೊಪೈಲ್ ಆಲ್ಕೊಹಾಲನ್ನು ಬಟ್ಟೆಗೆ ಹಚ್ಚಿ, ಬಾಗಿಲಿನ ಒಳ ಅಂಚಿನಂತಹ ಕಾಣದ ಸ್ಥಳದಲ್ಲಿ ಪರೀಕ್ಷಿಸಿ ನೋಡಿ, ಆಮೇಲೆ ಚುಕ್ಕೆಯ ಮೇಲೆ ಅರ್ಧ ನಿಮಿಷ ಒತ್ತಿಹಿಡಿದು ಒರೆಸಿ ಕೂಡಲೇ ತೊಳೆಯಬೇಕು. ಆಲ್ಕೊಹಾಲ್ ಬೇಗನೆ ಹೊತ್ತಿಕೊಳ್ಳುವ ಪದಾರ್ಥ. ದೀಪ ಬೀಡಿಗಳು ದೂರವಿರಲಿ.

ಎಣ್ಣೆಗೂ ಪ್ರೀತಿಗೂ ಸಂಸ್ಕೃತದಲ್ಲಿ ಸ್ನೇಹವೆಂಬ ಒಂದೇ ಹೆಸರು. ಎನಾಮೆಲಿನ ಅಂಟನ್ನು ಕಂಡವರಿಗೆ ಅದು ಉಚಿತವೆಂದು ತೋರೀತು. ಹಸಿಯ ಎನಾಮೆಲಿಗೆ ಮಿನರಲ್ ಟರ್ಪೆಂಟೈನಿನಲ್ಲಿ ತೋಯಿಸಿದ ಬಟ್ಟೆಯ ಒಂದು ಒರೆಸು, ಒಡನೆಯೇ ಸೋಪಿನ ನೀರಿನ ತೊಳೆತ, ಇಷ್ಟು ಸಾಕು. ಒಣಗಿ ದಿನಗಳಾದ ಮೇಲೆ ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಬೇರೆಯೇ ವಸ್ತುವಾಗಿರುತ್ತದೆ, ಟರ್ಪೆಂಟೈನಿಗೆ ಬಗ್ಗದು.

ಆಗ ನೆರವಾಗುವುದು ಕ್ಲೇ ಬಾರ್ ಎಂಬ ಕೃತಕ ಜೇಡಿ. ಜಪಾನಿನಲ್ಲಿ ಹುಟ್ಟಿದ ಈ ವಸ್ತು ಕಾರಿನ ಸಾಮಾನಿನ ಅಂಗಡಿಗಳಲ್ಲಿ ದೊರೆಯುತ್ತದೆ. ಚಪಾತಿಯ ಹಿಟ್ಟಿನಂತೆ ನಾದಿ ಚಪ್ಪಟೆಮಾಡಿ, ಅದರೊಡನೆ ಬರುವ ಜಾರುದ್ರವವನ್ನು ಧಾರಾಳವಾಗಿ ಸಿಂಪಡಿಸಿ, ಒತ್ತದೆ ಹಿಂದಕ್ಕೂ ಮುಂದಕ್ಕೂ ಜಾರಿಸಬೇಕು. ಮೈಯಿಂದ ಮೇಲೆದ್ದಿರುವ ಬಣ್ಣವನ್ನು ಅದು ಕಚ್ಚಿ ತೆಗೆಯುತ್ತದೆ. ತುಂತುರಿನ ಯಂತ್ರದಿಂದ ಬಣ್ಣ ಹಾಕುವಾಗ ಹಾರಿಬಂದ, ಕಣ್ಣಿಗೆ ಕಾಣದೆ ಕೈಗೆ ಮರಳಿನಂತೆ ತಗಲುವ ಕಣಗಳಿಗೆ ಇದೇ ಮದ್ದು. ಜೇಡಿ ನೆಲಕ್ಕೆ ಬಿದ್ದರೆ ಬೆಲೆಯನ್ನು ನೋಡದೆ ಎಸೆದುಬಿಡತಕ್ಕದ್ದು. ಅಂಟಿಕೊಂಡ ಒಂದು ಮರಳ ಕಣ ಸಾಕು ಗೀರೆಳೆಯಲು. ಜೇಡಿಗೂ ಬಗ್ಗದ ದಪ್ಪ ಹನಿಗಳಿದ್ದರೆ ಕಾರಿನ ಬಣ್ಣದ ಕೆಲಸಗಾರನಿಗೆ ಒಪ್ಪಿಸುವುದೇ ಮಿತವ್ಯಯ.

ಸುಣ್ಣದ ಹನಿ ಬಿದ್ದಲ್ಲಿ ಅದು ಕ್ಷಾರವಾದುದರಿಂದ ತಡಮಾಡಕೂಡದು. ಒಣಗಿದ ಸುಣ್ಣವನ್ನು ಕೆರೆಯದೆ, ನೀರು ಬೆರೆಸಿದ ವಿನಿಗರಿನಿಂದ ನೆನೆಸಿದರೆ ಗುಳ್ಳೆಯೆದ್ದು ಕರಗುತ್ತದೆ. ಬಳಿಕ ಚೆನ್ನಾಗಿ ತೊಳೆಯಬೇಕು. ಅಲಗನ್ನು ಬಳಸಬಹುದಾದ ಸ್ಥಳವೊಂದೇ, ಗಾಜು. ಅದೂ ಒದ್ದೆಮಾಡಿ, ಓರೆಯಾಗಿ ಹಿಡಿದು.

ಚುಕ್ಕೆ ಕಂಡೊಡನೆ ಬಣ್ಣದವನ ದಿನಗೂಲಿಯನ್ನು ಹಿಡಿದುಕೊಳ್ಳುವವರನ್ನು ನೋಡಿದ್ದೇನೆ. ಒಂದು ಶಾಂಪು, ಒಂದು ಬಟ್ಟೆ, ಒಂದು ಬೆಳಗಿನ ಹೊತ್ತು ಸಾಲುವ ಕೆಲಸಕ್ಕೆ ಅದು ಅನ್ಯಾಯ. ಏಣಿ ಬರುವುದಕ್ಕೆ ಮುಂಚೆ ಕಾರನ್ನು ಬೀದಿಯ ತಿರುವಿಗೆ ಕೊಂಡೊಯ್ದು ನಿಲ್ಲಿಸುವುದು ಮನೆಯ ಯಜಮಾನನ ಕೆಲಸ.

ಜೇಡಿಯನ್ನು ಬಳಸಿದಲ್ಲಿ ಹಿಂದೆ ಹಚ್ಚಿದ್ದ ಮೇಣವೂ ಹೋಗಿರುವುದರಿಂದ ಮರಳಿ ಮೇಣ ಹಚ್ಚತಕ್ಕದ್ದು. ಬ್ರೆಜಿಲ್ ದೇಶದ ಒಂದು ತಾಳೆಯ ಎಲೆಗಳಿಂದ ತೆಗೆದ ಕಾರ್ನೌಬಾ ಮೇಣ ಬೆರೆತುದು ಒಳ್ಳೆಯದು. ಹಬ್ಬಕ್ಕೆ ಬಣ್ಣ ಬಳಿಸಬೇಕೆಂದಿರುವವರು ಅದನ್ನು ಒಂದು ವಾರ ಮುಂಚೆಯೇ ಹಚ್ಚಿಟ್ಟರೆ, ಬಿದ್ದ ಹನಿ ಮೇಣದ ಮೇಲೆ ಕುಳಿತು ಸುಲಭವಾಗಿ ಬಿಡುವುದು.